ಎಂಟು ವಾರ, ನೂರು ಗಂಟೆ: ಪಿಯುಸಿ ಓದಿನ ನಡುವೆ ಕ್ಲಾಟ್ ಅಂಕ ಹೆಚ್ಚಿಸಿಕೊಳ್ಳುವ ಬಗೆ

2024ರ ಅಕ್ಟೋಬರ್ ತಿಂಗಳ ಮೊದಲ ಭಾನುವಾರದ ಸಂಜೆ ನನ್ನ ಅಕ್ಕನ ಮಗಳು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ನಡೆಯುವ ಕ್ಲಾಟ್ ಪರೀಕ್ಷೆಯ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನು ಹಿಡಿದುಕೊಂಡು ನನ್ನ ವಕೀಲಿ ಕಚೇರಿಗೆ ಬಂದಳು. ಅಂದು ಮಧ್ಯಾಹ್ನ ಗಡಿಯಾರ ಮುಂದಿಟ್ಟುಕೊಂಡು ಎರಡು ಗಂಟೆ ಬಿಡಿಸಿದ್ದ ಆ ಪತ್ರಿಕೆಯಲ್ಲಿ ಅವಳಿಗೆ ಬಂದದ್ದು 120ಕ್ಕೆ 51.75 ಅಂಕ. ಪರೀಕ್ಷೆಗೆ ಉಳಿದಿದ್ದದ್ದು ಸರಿಯಾಗಿ ಎಂಟು ವಾರ, ಮತ್ತು ಆ ಎಂಟು ವಾರಗಳೊಳಗೇ ದ್ವಿತೀಯ ಪಿಯುಸಿಯ ತರಗತಿಗಳು, ಕಾಲೇಜಿನ ಕಿರುಪರೀಕ್ಷೆಗಳು, ದಸರಾ, ದೀಪಾವಳಿ ಎಲ್ಲವೂ ಇದ್ದವು. "ಮಾವ, ಇನ್ನು ಯಾವ ಪುಸ್ತಕ ತಗೊಳ್ಳಲಿ?" ಎಂದು ಕೇಳಿದಳು. ಪುಸ್ತಕ ಸದ್ಯಕ್ಕೆ ಬೇಡ, ಈಗ ಬಿಡಿಸಿದ ಪತ್ರಿಕೆಯನ್ನೇ ಇಬ್ಬರೂ ಕೂತು ಮತ್ತೊಮ್ಮೆ ಓದೋಣ ಎಂದೆ. ಸಮಯ ಕಡಿಮೆಯಿದ್ದಾಗ ಅಂಕ ಹೆಚ್ಚುವುದು ಹೊಸದನ್ನು ಓದುವುದಕ್ಕಿಂತ ಹೆಚ್ಚಾಗಿ, ಈಗಾಗಲೇ ಕೈಗೆ ಬಂದು ಜಾರಿಹೋದ ಅಂಕಗಳನ್ನು ಹಿಡಿದುಕೊಳ್ಳುವುದರಿಂದ ಎಂಬುದು ನನ್ನ ಅನುಭವ, ಮತ್ತು ಈ ಬರಹ ಅದನ್ನು ಮಾಡುವ ಬಗೆಯನ್ನು ಕುರಿತದ್ದು.

ಪರೀಕ್ಷೆಯ ಸ್ವರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಹಳೆಯ ಮಾಹಿತಿಯನ್ನು ನಂಬಿ ಓದುವವರು ಇನ್ನೂ ಇದ್ದಾರೆ. 2008ರಲ್ಲಿ ಆರಂಭವಾದ ಕ್ಲಾಟ್ 2019ರವರೆಗೆ 200 ಪ್ರಶ್ನೆಗಳ, ಬಹುಮಟ್ಟಿಗೆ ನೆನಪಿನ ಶಕ್ತಿಯನ್ನು ಅಳೆಯುವ ಪರೀಕ್ಷೆಯಾಗಿತ್ತು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟವು 2020ರಲ್ಲಿ ಅದನ್ನು ಗದ್ಯಭಾಗ ಓದಿ ಉತ್ತರಿಸುವ 150 ಪ್ರಶ್ನೆಗಳ ಪರೀಕ್ಷೆಯಾಗಿ ಬದಲಿಸಿತು. 2023ರ ಡಿಸೆಂಬರ್‌ನಲ್ಲಿ ನಡೆದ ಪರೀಕ್ಷೆಯಿಂದ ಪ್ರಶ್ನೆಗಳ ಸಂಖ್ಯೆ 120ಕ್ಕೆ ಇಳಿಯಿತು. ಅವಧಿ ಎರಡು ಗಂಟೆ, ಸಾಮಾನ್ಯವಾಗಿ ಡಿಸೆಂಬರ್ ಮೊದಲ ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ, ಉತ್ತರ ಗುರುತಿಸುವುದು ವೃತ್ತಗಳನ್ನು ತುಂಬಿಸುವ ಓಎಂಆರ್ ಹಾಳೆಯಲ್ಲಿ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕದ ಲೀಗಲ್ ರೀಸನಿಂಗ್‌ನಿಂದ ತಲಾ 28ರಿಂದ 32, ಇಂಗ್ಲಿಷ್ ಮತ್ತು ತಾರ್ಕಿಕ ಚಿಂತನೆಯ ಲಾಜಿಕಲ್ ರೀಸನಿಂಗ್‌ನಿಂದ ತಲಾ 22ರಿಂದ 26, ಗಣಿತದಿಂದ 10ರಿಂದ 14 ಪ್ರಶ್ನೆಗಳು ಬರುತ್ತವೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಅಭ್ಯಾಸಕ್ಕೆ 2020ರ ಅನಂತರದ ಪತ್ರಿಕೆಗಳನ್ನೇ ಆರಿಸಿಕೊಳ್ಳಿ. ಅವು ಒಕ್ಕೂಟದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. 120 ಪ್ರಶ್ನೆಗಳ ಪತ್ರಿಕೆಗಳನ್ನು ಪೂರ್ಣ ಪರೀಕ್ಷೆಗೆ ಎತ್ತಿಟ್ಟುಕೊಂಡು, 150 ಪ್ರಶ್ನೆಗಳ ಪತ್ರಿಕೆಗಳನ್ನು ವಿಭಾಗವಾರು ಅಭ್ಯಾಸಕ್ಕೆ ಬಳಸುವುದು ಒಳ್ಳೆಯದು.

ತಪ್ಪುಗಳ ಲೆಕ್ಕಪುಸ್ತಕ

ಅಂದು ನಾವು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಅವಳು ಉತ್ತರಿಸಿದ್ದು 98 ಪ್ರಶ್ನೆಗಳಿಗೆ. ಅದರಲ್ಲಿ 61 ಸರಿ, 37 ತಪ್ಪು, ಉಳಿದ 22 ಖಾಲಿ. ಈ 37 ತಪ್ಪುಗಳನ್ನು ವಿಷಯವಾರು ವಿಂಗಡಿಸುವುದು ಎಲ್ಲರೂ ಮಾಡುವ ಕೆಲಸ, ಆದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಾವು ಕಾರಣವಾರು ವಿಂಗಡಿಸಿದೆವು. ವಿಷಯವೇ ಗೊತ್ತಿಲ್ಲದೆ ತಪ್ಪಿದ್ದು 11, ಅವು ಬಹುತೇಕ ಪ್ರಚಲಿತ ವಿದ್ಯಮಾನದವು. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಸರಿಯಾಗಿಯೇ ಹೊರಹಾಕಿ, ಕೊನೆಯ ಎರಡರ ನಡುವೆ ಎಡವಿದ್ದು 14. ಪ್ರಶ್ನೆಯಲ್ಲಿದ್ದ 'ನಾಟ್', 'ಎಕ್ಸೆಪ್ಟ್' ಮುಂತಾದ ಪದಗಳನ್ನು ಗಮನಿಸದೆ ತಲೆಕೆಳಗಾಗಿ ಉತ್ತರಿಸಿದ್ದು 7. ಕೊನೆಯ ಹತ್ತು ನಿಮಿಷದ ಗಡಿಬಿಡಿಯಲ್ಲಿ ಕೆಟ್ಟದ್ದು 5. ಖಾಲಿ ಬಿಟ್ಟ 22ರಲ್ಲಿ 9 ಗಣಿತದವು, ಅವನ್ನು ಅವಳು ಓದಿ ಕೂಡ ನೋಡಿರಲಿಲ್ಲ. 13 ಲಾಜಿಕಲ್ ವಿಭಾಗದ ಕೊನೆಯ ಗದ್ಯಭಾಗಗಳವು, ಅವಕ್ಕೆ ಸಮಯವೇ ಉಳಿದಿರಲಿಲ್ಲ.

ಈ ಲೆಕ್ಕ ಮುಗಿಯುವ ಹೊತ್ತಿಗೆ ಅವಳ ಮುಖದ ಕಳೆ ಬದಲಾಗಿತ್ತು. ತನಗೆ ಏನೂ ಗೊತ್ತಿಲ್ಲ ಎಂದುಕೊಂಡು ಬಂದವಳಿಗೆ, ಗೊತ್ತಿಲ್ಲದ್ದರಿಂದ ಹೋದ ಪ್ರಶ್ನೆಗಳು ಹನ್ನೊಂದೇ ಎಂದು ಕಾಣಿಸಿತು. ಇಲ್ಲಿ ಒಂದು ಅಂಕಗಣಿತವನ್ನು ಗಮನಿಸಬೇಕು. ಖಾಲಿ ಬಿಟ್ಟ ಪ್ರಶ್ನೆಯೊಂದನ್ನು ಸರಿಮಾಡಿದರೆ ಸಿಗುವುದು ಒಂದು ಅಂಕ. ತಪ್ಪು ಮಾಡಿದ ಪ್ರಶ್ನೆಯೊಂದನ್ನು ಸರಿಮಾಡಿದರೆ ಕಡಿತವಾಗಿದ್ದ ಕಾಲು ಅಂಕವೂ ಹಿಂದಿರುಗಿ 1.25 ಅಂಕ ಏರುತ್ತದೆ. ಪ್ರಶ್ನೆ ತಪ್ಪಾಗಿ ಓದಿದ್ದರಿಂದ ಹೋದ ಆ ಏಳನ್ನು ತಡೆದರೆ ಸಾಕು, ಒಂದು ಪುಟವನ್ನೂ ಹೊಸದಾಗಿ ಓದದೆ 8.75 ಅಂಕ ಸೇರುತ್ತದೆ.

ಆದ್ದರಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ತಪ್ಪಿಗೆ ಮೂರು ಸಾಲು: ನಾನು ಯಾವ ಆಯ್ಕೆಯನ್ನು, ಏನು ಯೋಚಿಸಿ ಆರಿಸಿದೆ, ಸರಿ ಉತ್ತರ ಏಕೆ ಸರಿ, ಮುಂದಿನ ಸಲ ಇಂತಹದನ್ನು ಯಾವ ಗುರುತಿನಿಂದ ಹಿಡಿಯುತ್ತೇನೆ. ಮೊದಲನೆಯ ಸಾಲೇ ಬಹಳ ಮುಖ್ಯ, ಮತ್ತು ಎಲ್ಲರೂ ಬಿಟ್ಟುಬಿಡುವುದು ಅದನ್ನೇ. ಉತ್ತರಪಟ್ಟಿಯನ್ನು ನೋಡಿದೊಡನೆ "ಓ, ಇದು ನನಗೆ ಗೊತ್ತಿತ್ತು" ಎನಿಸುವುದು ಸಹಜ, ಆದರೆ ಗೊತ್ತಿದ್ದೂ ಕೈ ಬೇರೆ ಕಡೆ ಹೋದದ್ದು ಏಕೆ ಎಂಬುದನ್ನು ಬರೆಯದ ಹೊರತು ಅದೇ ತಪ್ಪು ಮುಂದಿನ ವಾರ ಬೇರೆ ವೇಷದಲ್ಲಿ ಬರುತ್ತದೆ. ಊಹಿಸಿ ಸರಿಯಾದ ಉತ್ತರಗಳನ್ನೂ ಈ ಪುಸ್ತಕದಲ್ಲಿ ಸೇರಿಸಬೇಕು. ಅದಕ್ಕಾಗಿ ಪರೀಕ್ಷೆ ಬರೆಯುವಾಗಲೇ ಅನುಮಾನವಿದ್ದ ಪ್ರಶ್ನೆಯ ಪಕ್ಕ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುವುದನ್ನು ರೂಢಿಸಿಕೊಳ್ಳಿ.

ಗಂಟೆಗಳ ಹಂಚಿಕೆ

ವಾರದ ಆರು ದಿನ ತಲಾ ಒಂದೂವರೆ ಗಂಟೆ, ಭಾನುವಾರ ನಾಲ್ಕು ಗಂಟೆ ಎಂದಿಟ್ಟುಕೊಂಡರೆ ವಾರಕ್ಕೆ 13, ಎಂಟು ವಾರಕ್ಕೆ 104 ಗಂಟೆಯಾಗುತ್ತದೆ. ಪಿಯುಸಿ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚು ಸಿಗುವುದು ಕಷ್ಟ, ಸಿಗುತ್ತದೆಂದು ಲೆಕ್ಕ ಹಾಕಿಕೊಂಡವರು ಮೂರನೆಯ ವಾರಕ್ಕೇ ಕೈಬಿಡುವುದನ್ನು ನೋಡಿದ್ದೇನೆ. ಇದರಲ್ಲಿ ಸುಮಾರು 40 ಗಂಟೆಯನ್ನು ಎಂಟು ಪೂರ್ಣ ಅಣಕು ಪರೀಕ್ಷೆಗಳಿಗೆ ಕೊಡಬೇಕು: ಪ್ರತಿಯೊಂದಕ್ಕೂ ಬರೆಯಲು ಎರಡು ಗಂಟೆ, ತಪ್ಪುಗಳನ್ನು ಶೋಧಿಸಲು ಮೂರು ಗಂಟೆ. ಬರೆದುದಕ್ಕಿಂತ ಶೋಧನೆಗೆ ಹೆಚ್ಚು ಸಮಯವೇ ಎಂದು ಅಚ್ಚರಿಯಾಗಬಹುದು. ದಿನಕ್ಕೊಂದು ಮಾಕ್ ಟೆಸ್ಟ್ ಬರೆದು, ಅಂಕ ನೋಡಿ, ಮರೆತು, ಮತ್ತೊಂದಕ್ಕೆ ಹೋಗುವವರ ಅಂಕ ಒಂದೇ ಕಡೆ ಗೂಟ ಹೊಡೆದಂತೆ ನಿಲ್ಲುತ್ತದೆ. ಜ್ವರವಿದೆಯೆಂದು ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡುವುದರಿಂದ ಜ್ವರ ಇಳಿಯುವುದಿಲ್ಲವಲ್ಲ. ಉಳಿದ 64 ಗಂಟೆಯಲ್ಲಿ ಲೀಗಲ್‌ಗೆ 18, ಲಾಜಿಕಲ್‌ಗೆ 16, ಪ್ರಚಲಿತಕ್ಕೆ 16, ಗಣಿತಕ್ಕೆ 14 ಎಂದು ನಾವು ಹಂಚಿಕೊಂಡಿದ್ದೆವು. ಇಂಗ್ಲಿಷಿಗೆ ಪ್ರತ್ಯೇಕ ಗಂಟೆ ಇಡಲಿಲ್ಲ, ಏಕೆಂದರೆ ಐದು ವಿಭಾಗಗಳೂ ಇಂಗ್ಲಿಷ್ ಓದೇ ಆಗಿವೆ. ನಿಮ್ಮ ಲೆಕ್ಕಪುಸ್ತಕ ಬೇರೆ ಕಥೆ ಹೇಳಿದರೆ ಹಂಚಿಕೆಯೂ ಬೇರೆಯಾಗಲಿ.

ಅಣಕು ಪರೀಕ್ಷೆಯನ್ನು ಭಾನುವಾರ ಮಧ್ಯಾಹ್ನ ಎರಡು ಗಂಟೆಗೇ ಬರೆಯಿರಿ. ಊಟವಾದ ಮೇಲೆ ಕಣ್ಣು ಎಳೆಯುವ ಹೊತ್ತು ಅದು, ಮತ್ತು ನಿಜವಾದ ಪರೀಕ್ಷೆಯೂ ಅದೇ ಹೊತ್ತಿಗೆ ಇರುತ್ತದೆ. ಬೆಳಗಿನ ಜಾವದ ತಿಳಿಯಾದ ತಲೆಯಲ್ಲಿ ಬರೆದ ಅಂಕವನ್ನು ನಂಬಬಾರದು.

ಲೀಗಲ್ ರೀಸನಿಂಗ್: ಗದ್ಯಭಾಗದ ಕಾನೂನೇ ಕಾನೂನು

ಈ ವಿಭಾಗಕ್ಕೆ ಕಾನೂನಿನ ಪೂರ್ವಜ್ಞಾನ ಬೇಕಿಲ್ಲ ಎಂದು ಒಕ್ಕೂಟವೇ ಹೇಳುತ್ತದೆ, ಆದರೂ ಕಾಯ್ದೆಗಳ ಕಲಮುಗಳನ್ನು ಉರುಹೊಡೆಯುವವರು ಕಡಿಮೆಯಾಗಿಲ್ಲ. ವಕೀಲನಾಗಿ ಹೇಳುವುದಾದರೆ, ಅರೆಬರೆ ಕಾನೂನು ತಿಳಿವಳಿಕೆ ಇಲ್ಲಿ ಸಹಾಯಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಒಂದು ಉದಾಹರಣೆಯಿಂದ ಇದನ್ನು ನೋಡೋಣ.

ಗದ್ಯಭಾಗ ಹೇಳುವ ತತ್ತ್ವ ಹೀಗಿದೆ ಎಂದುಕೊಳ್ಳಿ: ತನ್ನ ಜಮೀನಿನಲ್ಲಿ ಸಹಜವಾಗಿ ಇರದ, ಹೊರಬಿದ್ದರೆ ಹಾನಿ ಮಾಡಬಲ್ಲ ವಸ್ತುವನ್ನು ತಂದು ಕೂಡಿಟ್ಟವನು, ಅದು ಹೊರಬಿದ್ದು ಇನ್ನೊಬ್ಬರಿಗೆ ಹಾನಿಯಾದರೆ, ತನ್ನ ಕಡೆಯಿಂದ ಯಾವ ಅಲಕ್ಷ್ಯವೂ ಇಲ್ಲದಿದ್ದರೂ ಹೊಣೆಗಾರನಾಗುತ್ತಾನೆ, ಆದರೆ ತನ್ನ ಹತೋಟಿಯಲ್ಲಿಲ್ಲದ ಅಪರಿಚಿತನೊಬ್ಬನ ಕೃತ್ಯದಿಂದ ಅದು ಹೊರಬಿದ್ದರೆ ಹೊಣೆ ಇಲ್ಲ. ಸಂಗತಿ: ರಂಗಪ್ಪ ತನ್ನ ಹೊಲದಲ್ಲಿ ಎಂಜಿನಿಯರ್ ಸಲಹೆ ಪಡೆದು ದೊಡ್ಡ ಹೊಂಡ ಕಟ್ಟಿಸಿ ಕೊಳವೆಬಾವಿಯ ನೀರು ತುಂಬಿಸಿದ್ದಾನೆ. ಆ ವರ್ಷ ಹಿಂದೆಂದೂ ಕಾಣದ ಮಳೆ ಬಂದು ಏರಿ ಒಡೆದು, ಪಕ್ಕದ ಗಿರಿಜಮ್ಮನ ಶುಂಠಿ ಬೆಳೆ ಕೊಚ್ಚಿಹೋಗಿದೆ. ಆಯ್ಕೆಗಳು: ಒಂದು, ಎಲ್ಲ ಎಚ್ಚರಿಕೆ ವಹಿಸಿದ್ದರಿಂದ ರಂಗಪ್ಪ ಹೊಣೆಗಾರನಲ್ಲ. ಎರಡು, ಏರಿಯನ್ನು ಅಲಕ್ಷ್ಯದಿಂದ ಕಟ್ಟಿಸಿದ್ದರಿಂದ ಹೊಣೆಗಾರ. ಮೂರು, ಅಲಕ್ಷ್ಯವಿಲ್ಲದಿದ್ದರೂ ಹೊಣೆಗಾರ. ನಾಲ್ಕು, ಅಸಾಧಾರಣ ಮಳೆ ದೈವಕೃತ್ಯವಾದ್ದರಿಂದ ಹೊಣೆಗಾರನಲ್ಲ.

ಏನೂ ಓದದ ವಿದ್ಯಾರ್ಥಿ ಗದ್ಯಭಾಗವನ್ನು ಹಿಡಿದು ಮೂರನೆಯದನ್ನು ಗುರುತಿಸುತ್ತಾನೆ, ಅದೇ ಸರಿ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ ತೀರ್ಮಾನಿಸಿದ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣವನ್ನು, ಅದೂ ನೀರಿನ ಹೊಂಡದ್ದೇ ಪ್ರಕರಣ, ಎಲ್ಲೋ ಓದಿದ್ದವನು ದೈವಕೃತ್ಯವೂ ಒಂದು ವಿನಾಯಿತಿ ಎಂದು ನೆನಪಿಸಿಕೊಂಡು ನಾಲ್ಕನೆಯದಕ್ಕೆ ಹೋಗುತ್ತಾನೆ. ಅವನ ನೆನಪು ಸರಿಯೇ, ಆದರೆ ಆ ವಿನಾಯಿತಿ ಈ ಗದ್ಯಭಾಗದಲ್ಲಿ ಇಲ್ಲ. ಎರಡನೆಯ ಆಯ್ಕೆಯನ್ನೂ ಗಮನಿಸಿ: ತೀರ್ಮಾನ ಸರಿ, ಕಾರಣ ತಪ್ಪು, ಏಕೆಂದರೆ ಅಲಕ್ಷ್ಯವಾಯಿತೆಂದು ಸಂಗತಿಯಲ್ಲಿ ಎಲ್ಲಿಯೂ ಹೇಳಿಲ್ಲ. ಹೀಗಾಗಿ ಪ್ರತಿ ಆಯ್ಕೆಗೂ ಎರಡು ಪ್ರಶ್ನೆ ಹಾಕಬೇಕು: ಇದರ ತೀರ್ಮಾನ ತತ್ತ್ವಕ್ಕೆ ಹೊಂದುತ್ತದೆಯೇ, ಇದರ ಕಾರಣ ಗದ್ಯಭಾಗದಲ್ಲಿ ಇದೆಯೇ. ನನ್ನ ಅಕ್ಕನ ಮಗಳು ಕೊನೆಯ ಎರಡು ಆಯ್ಕೆಗಳ ನಡುವೆ ಎಡವಿದ್ದ 14 ಪ್ರಶ್ನೆಗಳಲ್ಲಿ ಹೆಚ್ಚಿನವು ಇಂತಹವೇ ಆಗಿದ್ದವು.

ಇದೇ ಗದ್ಯಭಾಗದ ಮುಂದಿನ ಪ್ರಶ್ನೆಗಳು ಸಂಗತಿಯನ್ನು ಸ್ವಲ್ಪ ಸ್ವಲ್ಪ ತಿರುಚುತ್ತವೆ. ರಾತ್ರಿ ಯಾರೋ ದ್ವೇಷಕ್ಕೆ ಹೊಂಡದ ಏರಿಯನ್ನು ಕಡಿದರೆ ವಿನಾಯಿತಿ ಅನ್ವಯಿಸುತ್ತದೆ. ರಂಗಪ್ಪನದೇ ಆಳು ತೂಬು ಮುಚ್ಚುವುದನ್ನು ಮರೆತರೆ ಅನ್ವಯಿಸುವುದಿಲ್ಲ, ಏಕೆಂದರೆ ಅವನು ಹತೋಟಿಯಲ್ಲಿಲ್ಲದ ಅಪರಿಚಿತನಲ್ಲ. ಇನ್ನೊಂದು ಗದ್ಯಭಾಗವು ಅಪಾಯಕಾರಿ ಕೈಗಾರಿಕೆಗಳಿಗೆ ಯಾವ ವಿನಾಯಿತಿಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿದ ಸಂಪೂರ್ಣ ಹೊಣೆಯ ತತ್ತ್ವವನ್ನು ಕೊಟ್ಟರೆ, ಕಾರ್ಖಾನೆಯ ಅನಿಲ ಸೋರಿಕೆಗೆ ಅಪರಿಚಿತನ ಕೃತ್ಯವೂ ನೆಪವಾಗುವುದಿಲ್ಲ. ಆದ್ದರಿಂದ ಗದ್ಯಭಾಗ ಓದುವಾಗ ನಾಲ್ಕನ್ನು ಮಾತ್ರ ಗೆರೆ ಎಳೆದು ಗುರುತಿಸಿಕೊಳ್ಳಿ: ನಿಯಮ ಯಾರಿಗೆ ಅನ್ವಯ, ಯಾವ ಷರತ್ತುಗಳು ಕೂಡಿದಾಗ ಅನ್ವಯ, ಪರಿಣಾಮವೇನು, ವಿನಾಯಿತಿ ಯಾವುದು. ಷರತ್ತುಗಳ ನಡುವೆ ಇರುವುದು 'ಮತ್ತು' ಎಂಬುದೋ 'ಅಥವಾ' ಎಂಬುದೋ ಎಂಬುದರ ಮೇಲೆಯೇ ಎಷ್ಟೋ ಉತ್ತರಗಳು ನಿಂತಿರುತ್ತವೆ. ವಾರಕ್ಕೆ ಎಂಟು ಗದ್ಯಭಾಗಗಳನ್ನು ಹೀಗೆ ಗೆರೆ ಎಳೆದು ಬಿಡಿಸಿದರೆ ಸಾಕು. ಪ್ರಕರಣಗಳ ಪಟ್ಟಿ, ಲ್ಯಾಟಿನ್ ಸೂತ್ರಗಳ ಪಟ್ಟಿ ಇವನ್ನು ಸಮಯ ಉಳಿದವರು ನೋಡಿಕೊಳ್ಳಲಿ.

ಕನ್ನಡದಲ್ಲಿ ಯೋಚಿಸುವವರಿಗೆ ಇಂಗ್ಲಿಷ್ ವಾಕ್ಯ ಕೊಡುವ ತೊಂದರೆ

ಒಂದು ಗದ್ಯಭಾಗದ ಗರಿಷ್ಠ ಉದ್ದ ಸುಮಾರು 450 ಪದ. ಪ್ರತಿ ಗದ್ಯಭಾಗಕ್ಕೆ ಐದು ಪ್ರಶ್ನೆ ಎಂದರೆ 24 ಗದ್ಯಭಾಗಗಳಾಗುತ್ತವೆ. ಎಲ್ಲವೂ ಪೂರ್ತಿ ಉದ್ದಕ್ಕಿದ್ದರೆ 10,800 ಪದ. ನಿಮಿಷಕ್ಕೆ 200 ಪದ ಓದುವವರಿಗೆ ಪ್ರಶ್ನೆ ಮತ್ತು ಆಯ್ಕೆಗಳನ್ನು ಮುಟ್ಟುವ ಮೊದಲೇ 54 ನಿಮಿಷ ಹೋಗುತ್ತದೆ. ವೇಗ ಬೇಕು ಎಂಬುದು ನಿಜ, ಆದರೆ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರಿಗೆ ಸಮಯ ಹೋಗುವುದು ಮೊದಲ ಓದಿನಲ್ಲಿ ಅಷ್ಟಲ್ಲ, ಅರ್ಥವಾಗದೆ ಹಿಂದಕ್ಕೆ ಹೋಗಿ ಮತ್ತೆ ಓದುವುದರಲ್ಲಿ.

ಇದಕ್ಕೆ ಒಂದು ಕಾರಣ ವಾಕ್ಯದ ಕಟ್ಟು. ಕನ್ನಡದಲ್ಲಿ ಷರತ್ತು ಮೊದಲು ಬಂದು ಕ್ರಿಯೆ ಕೊನೆಗೆ ಬರುತ್ತದೆ: ಮಳೆ ಬಂದರೆ, ಬಿತ್ತುತ್ತೇವೆ. ಇಂಗ್ಲಿಷಿನಲ್ಲಿ ತೀರ್ಮಾನ ಮೊದಲು ಬಂದು, 'ಅನ್‌ಲೆಸ್' ಎಂದು ಷರತ್ತು ಬಾಲದಲ್ಲಿ ಬರಬಹುದು. ಅಷ್ಟರಲ್ಲಿ ನಮ್ಮ ಮನಸ್ಸು ತೀರ್ಮಾನವನ್ನು ಒಪ್ಪಿಕೊಂಡು ಮುಂದೆ ಹೋಗಿರುತ್ತದೆ. 'ಅನ್‌ಲೆಸ್', 'ಓನ್ಲಿ ಇಫ್', 'ಪ್ರೊವೈಡೆಡ್ ದಟ್', 'ನಾಟ್‌ವಿತ್‌ಸ್ಟ್ಯಾಂಡಿಂಗ್' ಇವು ಕಂಡ ಕೂಡಲೇ ಪೆನ್ಸಿಲಿನಿಂದ ಸುತ್ತು ಹಾಕಿ, ಆ ಒಂದು ವಾಕ್ಯವನ್ನು ಮಾತ್ರ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳಿ. ಇಡೀ ಗದ್ಯಭಾಗವನ್ನು ಅನುವಾದಿಸುತ್ತ ಹೋದರೆ ಸಮಯ ಸಾಲದು, ಆದರೆ ಕೀಲಿನಂತಿರುವ ಒಂದು ವಾಕ್ಯಕ್ಕೆ ಐದು ಸೆಕೆಂಡು ಕೊಡುವುದು ನಷ್ಟವಲ್ಲ. 'ಇಫ್' ಮತ್ತು 'ಓನ್ಲಿ ಇಫ್' ನಡುವಿನ ವ್ಯತ್ಯಾಸವನ್ನಂತೂ ಮೊದಲ ವಾರದಲ್ಲೇ ಬಗೆಹರಿಸಿಕೊಳ್ಳಬೇಕು. ಪರವಾನಗಿ ಇದ್ದರೆ ಮಾತ್ರ ಅಂಗಡಿ ತೆರೆಯಬಹುದು ಎಂದರೆ, ತೆರೆದಿರುವ ಅಂಗಡಿಗೆ ಪರವಾನಗಿ ಇರಬೇಕು ಎಂದಾಯಿತು. ಪರವಾನಗಿ ಇರುವ ಅಂಗಡಿಗಳೆಲ್ಲ ತೆರೆದಿವೆ ಎಂದಾಗಲಿಲ್ಲ. 'ಎ ಫ್ಯೂ' ಎಂದರೆ ಕೆಲವರು ಇದ್ದಾರೆ ಎಂಬ ಧ್ವನಿ, ಬರಿಯ 'ಫ್ಯೂ' ಎಂದರೆ ಬಹುತೇಕ ಯಾರೂ ಇಲ್ಲ ಎಂಬ ಧ್ವನಿ. ಶಾಲೆಯ ವ್ಯಾಕರಣ ಪಾಠದಲ್ಲಿ ಇದನ್ನು ಓದಿದ್ದೇವೆ, ಅಂಕ ಹೋಗುವಾಗಷ್ಟೇ ನೆನಪಾಗುತ್ತದೆ.

ಲಾಜಿಕಲ್ ರೀಸನಿಂಗ್‌ನಲ್ಲಿ ಪ್ರಶ್ನೆಯನ್ನು ಮೊದಲು ಓದಿ, ಲೇಖಕನ ಮುಖ್ಯ ವಾದವನ್ನು ಒಂದು ಸಾಲಿನಲ್ಲಿ ಹೇಳಿಕೊಳ್ಳುವ ಅಭ್ಯಾಸವೊಂದೇ ಅರ್ಧ ಕೆಲಸ ಮಾಡುತ್ತದೆ. ಉದಾಹರಣೆಗೆ, ಪೇಟೆಬೀದಿಯಲ್ಲಿ ವಾಹನ ನಿಲುಗಡೆ ನಿಷೇಧಿಸಿದ ಮೇಲೆ ಅಂಗಡಿಗಳ ವ್ಯಾಪಾರ ಇಳಿದಿದೆ, ಆದ್ದರಿಂದ ನಿಷೇಧವೇ ನಷ್ಟಕ್ಕೆ ಕಾರಣ ಎಂದು ಗದ್ಯಭಾಗ ವಾದಿಸುತ್ತದೆ ಎನ್ನೋಣ. ಈ ವಾದವನ್ನು ದುರ್ಬಲಗೊಳಿಸುವ ಆಯ್ಕೆ ಯಾವುದು? ನಿಷೇಧವಿಲ್ಲದ ಪಕ್ಕದ ಬೀದಿಗಳಲ್ಲೂ ಅದೇ ಅವಧಿಯಲ್ಲಿ ಅಷ್ಟೇ ವ್ಯಾಪಾರ ಇಳಿದಿದೆ ಎನ್ನುವುದು. ನಿಷೇಧದಿಂದ ಪಾದಚಾರಿಗಳಿಗೆ ಅನುಕೂಲವಾಗಿದೆ ಎಂಬ ಆಯ್ಕೆ ನಿಜವಿರಬಹುದು, ಓದಲೂ ಹಿತವಾಗಿರುತ್ತದೆ, ಆದರೆ ವಾದವನ್ನು ಮುಟ್ಟುವುದೇ ಇಲ್ಲ. ಹಾಗೆಯೇ ವಾದದ ಹಿಂದಿನ ಗೃಹೀತವನ್ನು, ಅಂದರೆ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುವ ಮಾತನ್ನು, ಕೇಳಿದಾಗ, ಪ್ರತಿ ಆಯ್ಕೆಯನ್ನೂ ಇಲ್ಲವೆಂದು ತಿರುಗಿಸಿ ನೋಡಿ: ಯಾವುದನ್ನು ತಿರುಗಿಸಿದಾಗ ವಾದ ಕುಸಿದುಬೀಳುತ್ತದೆಯೋ ಅದೇ ಗೃಹೀತ.

ಪ್ರಚಲಿತ ವಿದ್ಯಮಾನ

ಇಲ್ಲಿ ಗದ್ಯಭಾಗ ನೆಪಮಾತ್ರ; ಉತ್ತರ ಬಹುಮಟ್ಟಿಗೆ ಹೊರಗಿನಿಂದ ಬರಬೇಕು. ಹದಿನಾರು ಗಂಟೆಯಲ್ಲಿ ವರ್ಷದ ಎಲ್ಲ ಸುದ್ದಿಯನ್ನೂ ಓದಲಾಗದು, ಓದಬಾರದು. ವರ್ಷದಲ್ಲಿ ಮುಖ್ಯವೆನಿಸಿದ ಮೂವತ್ತು ಸಂಗತಿಗಳನ್ನು ಆರಿಸಿ, ಒಂದೊಂದಕ್ಕೂ ಒಂದು ಪುಟ ಬರೆಯಿರಿ: ಸಂವಿಧಾನ ತಿದ್ದುಪಡಿಗಳು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪುಗಳು, ಹೊಸ ಕಾಯ್ದೆಗಳು, ಅಂತರರಾಷ್ಟ್ರೀಯ ಸಂಘರ್ಷ ಮತ್ತು ಒಪ್ಪಂದಗಳು, ಅರ್ಥವ್ಯವಸ್ಥೆ, ದೊಡ್ಡ ಪ್ರಶಸ್ತಿಗಳು. ಗುಟ್ಟು ಇರುವುದು ಪುಟದ ಹಿನ್ನೆಲೆಯ ಭಾಗದಲ್ಲಿ. ಮಹಿಳಾ ಮೀಸಲಾತಿಯ ಪುಟವನ್ನೇ ನೋಡಿ: 2023ರ 106ನೆಯ ತಿದ್ದುಪಡಿ, ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗ ಸ್ಥಾನ, ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ಬಳಿಕ ಜಾರಿ ಎಂಬ ಷರತ್ತು, 1996ರಲ್ಲಿ ಮಂಡನೆಯಾದ ಮೊದಲ ಮಸೂದೆ, ಪಂಚಾಯಿತಿಗಳಿಗೆ ಮೀಸಲಾತಿ ತಂದ 73ನೆಯ ತಿದ್ದುಪಡಿ, ಅದಕ್ಕೂ ಮೊದಲೇ ಕರ್ನಾಟಕ 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕೊಟ್ಟದ್ದು. ಪ್ರಶ್ನೆಗಳು ಈ ಎಳೆಗಳಿಂದಲೇ ಹುಟ್ಟುತ್ತವೆ.

ಇನ್ನೊಂದು ಉಪಾಯ ನಮ್ಮವರಿಗೇ ಸಲ್ಲುವಂಥದ್ದು. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಒಂದು ವಿಷಯದ ಸುದ್ದಿ ಅಥವಾ ಸಂಪಾದಕೀಯವನ್ನು ಓದಿ, ಅನಂತರ ಅದೇ ವಿಷಯವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯ ಪತ್ರಿಕೆಗಳಾದ್ದರಿಂದ ಇಂತಹ ಜೋಡಿ ಸುಲಭವಾಗಿ ಸಿಗುತ್ತದೆ. ವಿಷಯ ಮೊದಲೇ ತಿಳಿದಿರುವುದರಿಂದ ಇಂಗ್ಲಿಷ್ ಓದು ಬೇಗ ಸಾಗುತ್ತದೆ, ಹೊಸ ಪದಗಳು ನಿಘಂಟಿಲ್ಲದೆ ಅರ್ಥವಾಗುತ್ತವೆ, ಇಂಗ್ಲಿಷ್ ವಿಭಾಗದ ಅಭ್ಯಾಸವೂ ಆದಂತಾಗುತ್ತದೆ.

ಗಣಿತ

ಹತ್ತೋ ಹದಿನಾಲ್ಕೋ ಅಂಕ ಎಂದು ಕಲಾ ವಿಭಾಗದವರು ಇದನ್ನು ಪೂರ್ತಿ ಬಿಟ್ಟುಬಿಡುತ್ತಾರೆ, ಅದು ದುಬಾರಿ ನಿರ್ಧಾರ. ಎಂಟರಿಂದ ಹತ್ತನೆಯ ತರಗತಿಯವರೆಗಿನ ಪಠ್ಯಪುಸ್ತಕದ ಶೇಕಡಾವಾರು, ಅನುಪಾತ, ಸರಾಸರಿ, ಲಾಭನಷ್ಟ, ಕಾಲ ಮತ್ತು ಕೆಲಸ, ಕ್ಷೇತ್ರಗಣಿತ ಇಷ್ಟು ಸಾಕು. ಶೇ 40 ಇದ್ದದ್ದು ಶೇ 50 ಆದರೆ ಹೆಚ್ಚಳ 10 ಶೇಕಡಾ ಅಂಶ, ಆದರೆ ಏರಿಕೆ ಶೇ 25. ಬೆಲೆ ಶೇ 20 ಏರಿ ಮತ್ತೆ ಶೇ 20 ಇಳಿದರೆ ಮೊದಲಿಗಿಂತ ಶೇ 4 ಕಡಿಮೆ. ಕೋಷ್ಟಕ, ನಕ್ಷೆಗಳ ಪ್ರಶ್ನೆಗಳು ಈ ಎರಡು ಮೂರು ವಿಚಾರಗಳನ್ನೇ ಸುತ್ತಿ ಸುತ್ತಿ ಕೇಳುತ್ತವೆ. ಕ್ಯಾಲ್ಕುಲೇಟರ್ ಇಲ್ಲದಿರುವುದರಿಂದ ದಿನಕ್ಕೆ ಹದಿನೈದು ನಿಮಿಷ ಕೈಲೆಕ್ಕ ಮಾಡಿ.

ಊಹೆ, ಓಎಂಆರ್ ಮತ್ತು ವಿಭಾಗಗಳ ಕ್ರಮ

ಕಾಲು ಅಂಕದ ಕಡಿತಕ್ಕೆ ಹೆದರಿ ಪ್ರಶ್ನೆ ಬಿಡುವವರಿಗಾಗಿ ಈ ಲೆಕ್ಕ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೂ ಸರಾಸರಿ ಫಲ 0.06 ಅಂಕ ಲಾಭವೇ, ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುವಷ್ಟು. ಒಂದು ಆಯ್ಕೆಯನ್ನು ಖಚಿತವಾಗಿ ಹೊರಹಾಕಿದರೆ ಅದು 0.17ಕ್ಕೆ, ಎರಡನ್ನು ಹೊರಹಾಕಿದರೆ 0.375ಕ್ಕೆ ಏರುತ್ತದೆ. ಆದ್ದರಿಂದ ಒಂದು ಆಯ್ಕೆಯಾದರೂ ತಪ್ಪೆಂದು ತಿಳಿದಿದ್ದರೆ ಉತ್ತರಿಸಿ. ಪ್ರಶ್ನೆಯನ್ನೇ ಓದಲು ಸಮಯವಿಲ್ಲದಿದ್ದರೆ ಖಾಲಿ ಬಿಟ್ಟರೂ ಬೇಸರ ಬೇಡ. ನಿಮ್ಮ ಲೆಕ್ಕಪುಸ್ತಕದ ಚುಕ್ಕಿ ಇಟ್ಟ ಪ್ರಶ್ನೆಗಳಲ್ಲಿ ಎಷ್ಟು ಸರಿಯಾಗಿವೆ ಎಂದು ಎಣಿಸಿ ನೋಡಿ. ಐದಕ್ಕೆ ಒಂದಕ್ಕಿಂತ ಕಡಿಮೆ ಸರಿಯಾಗಿದ್ದರೆ ಮಾತ್ರ ಊಹೆ ನಷ್ಟದ ಬಾಬತ್ತು.

ಕಾಗದದ ಪರೀಕ್ಷೆಯಾದ್ದರಿಂದ ಯಾವ ವಿಭಾಗವನ್ನಾದರೂ ಮೊದಲು ಬಿಡಿಸಬಹುದು. ನಾವು ಗೊತ್ತುಮಾಡಿಕೊಂಡಿದ್ದ ಕ್ರಮ ಹೀಗಿತ್ತು: ಪ್ರಚಲಿತಕ್ಕೆ 15 ನಿಮಿಷ, ಏಕೆಂದರೆ ಅಲ್ಲಿ ಗೊತ್ತಿದ್ದರೆ ಗೊತ್ತು, ಯೋಚಿಸುತ್ತ ಕೂತರೆ ಉತ್ತರ ಉದುರುವುದಿಲ್ಲ, ಆಮೇಲೆ ಲೀಗಲ್‌ಗೆ 35, ಲಾಜಿಕಲ್‌ಗೆ 28, ಇಂಗ್ಲಿಷಿಗೆ 22, ಗಣಿತಕ್ಕೆ 15. ಉಳಿದ ಐದು ನಿಮಿಷ ಚುಕ್ಕಿ ಇಟ್ಟವಕ್ಕೆ. ನಿಗದಿತ ನಿಮಿಷ ಮುಗಿದಾಗ ಗದ್ಯಭಾಗದ ನಡುವೆ ಇದ್ದರೂ ಎದ್ದು ಮುಂದಕ್ಕೆ ಹೋಗುವುದು ಕಷ್ಟದ ಅಭ್ಯಾಸ, ಮೂರು ನಾಲ್ಕು ಭಾನುವಾರ ಬೇಕಾಗುತ್ತದೆ. ಓಎಂಆರ್ ಹಾಳೆಯನ್ನು ಕೊನೆಗೆ ಒಟ್ಟಿಗೆ ತುಂಬಿಸುವ ಸಾಹಸ ಬೇಡ. ಒಂದು ವೃತ್ತಕ್ಕೆ ನಾಲ್ಕು ಸೆಕೆಂಡು ಎಂದರೂ 120ಕ್ಕೆ ಎಂಟು ನಿಮಿಷ ಬೇಕು, ಪೆನ್ನಿನಲ್ಲಿ ತುಂಬಿಸಿದ್ದನ್ನು ಅಳಿಸಲಾಗದು. ಒಂದು ಗದ್ಯಭಾಗ ಮುಗಿದೊಡನೆ ಅದರ ಉತ್ತರಗಳನ್ನು ತುಂಬಿಸಿ, ವಿಭಾಗಗಳನ್ನು ಹಿಂದುಮುಂದು ಮಾಡುವವರು ಪ್ರಶ್ನೆಯ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡೇ ತುಂಬಿಸಿ. ಮನೆಯ ಅಣಕು ಪರೀಕ್ಷೆಗೂ ಓಎಂಆರ್ ಮಾದರಿ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಬೇಕು.

ಎಂಟನೆಯ ಅಣಕು ಪರೀಕ್ಷೆಯಲ್ಲಿ ಅವಳು 111 ಪ್ರಶ್ನೆಗೆ ಉತ್ತರಿಸಿ 89 ಸರಿ, 22 ತಪ್ಪು ಮಾಡಿದಳು, ಅಂಕ 83.5. ನಡುವೆ ನಾಲ್ಕನೆಯ ವಾರ ಅಂಕ ಹಿಂದಿನದಕ್ಕಿಂತ ಇಳಿದು ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಗೆರೆ ಎಳೆಯುವ ಹೊಸ ಪದ್ಧತಿ ಕೈಗೆ ಹತ್ತುವ ಮೊದಲು ವೇಗ ಕುಗ್ಗುವುದು ಇದ್ದದ್ದೇ, ಆಗ ಪದ್ಧತಿಯನ್ನು ಬದಲಿಸಬೇಡಿ.

ಕೊನೆಯ ವಾರ ಮತ್ತು ಅರ್ಜಿಯ ಒಂದೆರಡು ವಿಷಯ

ಕೊನೆಯ ವಾರದಲ್ಲಿ ಹೊಸ ಪತ್ರಿಕೆ ಬಿಡಿಸುವುದನ್ನು ಬುಧವಾರಕ್ಕೇ ನಿಲ್ಲಿಸಿ. ಗುರುವಾರದಿಂದ ಶನಿವಾರದವರೆಗೆ ಲೆಕ್ಕಪುಸ್ತಕದ ಮೂರನೆಯ ಸಾಲುಗಳನ್ನೂ ಪ್ರಚಲಿತದ ಮೂವತ್ತು ಪುಟಗಳನ್ನೂ ತಿರುವಿಹಾಕಿದರೆ ಸಾಕು. ಪರೀಕ್ಷಾ ಕೇಂದ್ರ ಪರವೂರಿನಲ್ಲಿದ್ದರೆ ಹಿಂದಿನ ದಿನವೇ ಹೋಗಿ ಜಾಗ ನೋಡಿಕೊಂಡು ಬನ್ನಿ, ಪ್ರವೇಶಪತ್ರದಲ್ಲಿ ಒಯ್ಯಬಹುದೆಂದು ಬರೆದಿರುವ ವಸ್ತುಗಳನ್ನಷ್ಟೇ ಒಯ್ಯಿರಿ.

ಅರ್ಜಿ ತುಂಬುವಾಗ ಕರ್ನಾಟಕದವರು ಒಂದು ಅಂಶವನ್ನು ಮರೆಯಬಾರದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ 25ರಷ್ಟು ಮೀಸಲಾತಿ ಇದೆ. ಅದನ್ನು ಕೋರಲು ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ, ಮತ್ತು ಎರಡು ಮೂರು ಶಾಲೆ ಬದಲಿಸಿದವರಿಗೆ ಅದನ್ನು ಒಟ್ಟುಮಾಡಲು ಒಂದು ವಾರ ಹಿಡಿಯುತ್ತದೆ. ಈ ಕೆಲಸವನ್ನು ತಂದೆತಾಯಿಯರಿಗೆ ವಹಿಸಿಬಿಡಿ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲ ವರ್ಗದವರಿಗೆ ಶೇ 40 ಅಂಕ ಕಡ್ಡಾಯ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಐಲೆಟ್ ಎಂಬ ಬೇರೆ ಪರೀಕ್ಷೆ ಇದೆ, ಅದಕ್ಕೆ ಬೇರೆ ಅರ್ಜಿ.

2024ರ ಡಿಸೆಂಬರ್ ಪರೀಕ್ಷೆಯ ಕೆಲವು ಉತ್ತರಗಳ ಮೇಲಿನ ವ್ಯಾಜ್ಯ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪದವಿ ಪ್ರವೇಶದ ಕೌನ್ಸೆಲಿಂಗ್ ಮರುವರ್ಷದ ಮೇ ತಿಂಗಳವರೆಗೆ ತಡವಾಯಿತು. ನಮ್ಮ ಹುಡುಗಿ ಆ ತಿಂಗಳುಗಳಲ್ಲಿ ಪಿಯುಸಿ ವಾರ್ಷಿಕ ಪರೀಕ್ಷೆ ಬರೆದು ಮುಗಿಸಿದಳು. ಡಿಸೆಂಬರ್ ಎರಡನೆಯ ಸೋಮವಾರದಿಂದಲೇ ಕಾಲೇಜಿನ ಪುಸ್ತಕ ತೆರೆದಿದ್ದರಿಂದ ಅದಕ್ಕೆ ತೊಂದರೆಯಾಗಲಿಲ್ಲ.